ಅಂಗಡಿ ಕ್ಯಾಲ್ಕುಲೇಟರ್‌ಗೆ ಬಾಡ್‌ಮಾಸ್ ಗೊತ್ತಿಲ್ಲ, ಹಾಗಾದ್ರೆ ಬಿಲ್ ಹೊಡೆಯೋದು ಹೇಗೆ?

ನಿಮ್ಮ ಮೇಜಿನ ಮೇಲೆ ದೊಡ್ಡ ಬಟನ್‌ಗಳ ಅಗಲವಾದ ಕ್ಯಾಲ್ಕುಲೇಟರ್ ಇದ್ದರೆ ಈಗಲೇ ಇಷ್ಟು ಒತ್ತಿ ನೋಡಿ:

2 + 3 × 4 =

20 ಬರುತ್ತದೆ. ಅದನ್ನೇ ಮೊಬೈಲ್‌ನಲ್ಲಿ ಒತ್ತಿ. 14 ಬರುತ್ತದೆ. ವಿಂಡೋಸ್ ಕಂಪ್ಯೂಟರಿನ ಕ್ಯಾಲ್ಕುಲೇಟರ್ ಇನ್ನೂ ತಮಾಷೆ. ‘ಸ್ಟ್ಯಾಂಡರ್ಡ್’ನಲ್ಲಿ ಇಟ್ಟರೆ 20, ‘ಸೈಂಟಿಫಿಕ್’ಗೆ ಬದಲಿಸಿದರೆ 14.

ಇದರಲ್ಲಿ ಯಾವುದೂ ಕೆಟ್ಟಿಲ್ಲ. ಶಾಲೆಯಲ್ಲಿ ಕಲಿಸಿದ ಬಾಡ್‌ಮಾಸ್ ಪ್ರಕಾರ ಮೊದಲು ಗುಣಾಕಾರ, ಆಮೇಲೆ ಕೂಡುವುದು, ಅದಕ್ಕೇ 14. ಮೇಜಿನ ಮೇಲಿನ ಮಿಷನ್ ಮಾತ್ರ ನೀವು ಒತ್ತಿದ ಸಾಲಿನಲ್ಲೇ ಹೋಗುತ್ತದೆ. ಎರಡಕ್ಕೆ ಮೂರು ಕೂಡಿಸಿ ಐದು, ಐದನ್ನು ನಾಲ್ಕರಿಂದ ಗುಣಿಸಿ ಇಪ್ಪತ್ತು.

ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಗಲ್ಲಾ ಪಕ್ಕ ಕೂತು ಬಿಲ್ ಬರೆಯುವುದು ನನ್ನ ಕೆಲಸ. ಸಿಮೆಂಟು, ಕಂಬಿ, ಪೈಪು, ಟೈಲ್ಸು, ಬಣ್ಣ ಎಲ್ಲ ಇದೆ. ಕಂಪ್ಯೂಟರ್ ಬಿಲ್ಲಿಂಗ್ ಕೂಡ ಇದೆ. ಆದರೆ ಗಿರಾಕಿ ಎದುರಿಗೆ ನಿಂತು "ಒಟ್ಟು ಎಷ್ಟಾಗ್ತದೆ ಹೇಳ್ರಿ, ಆಮೇಲೆ ನೋಡೋಣ" ಅಂದಾಗ ಕೈ ಹೋಗುವುದು ಕ್ಯಾಲ್ಕುಲೇಟರ್‌ಗೇ. ಪಿಯುಸಿ ಮುಗಿಸಿ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲ ದಿನ ಕಲಿಸುವುದೂ ಇದನ್ನೇ. ಮೊಬೈಲ್‌ನಲ್ಲಿ ಲೆಕ್ಕ ಹಾಕಿ ಬೆಳೆದ ಹುಡುಗರು. ಇಡೀ ಲೆಕ್ಕವನ್ನು ಒಂದೇ ಉಸಿರಿಗೆ ಒತ್ತಿ ಕೊನೆಗೆ = ಒತ್ತಿದರೆ ಸಾಕು ಅಂದುಕೊಂಡಿರುತ್ತಾರೆ.

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ

ಒಂದು ಬಿಲ್ ತಗೊಳ್ಳೋಣ. ಸಿಮೆಂಟ್ 10 ಚೀಲ, ಒಂದಕ್ಕೆ 390 ರೂಪಾಯಿ. ಬೈಂಡಿಂಗ್ ವೈರ್ 3 ಕೆಜಿ, ಕೆಜಿಗೆ 80. ಬಾಯಿಲೆಕ್ಕದಲ್ಲೇ ಗೊತ್ತಾಗುತ್ತದೆ, 3,900 ಮತ್ತು 240, ಒಟ್ಟು 4,140. ಈಗ ಹೊಸ ಹುಡುಗ ಒತ್ತುವ ಹಾಗೆ ಒತ್ತಿ:

10 × 390 + 3 × 80 =

ಪ್ರತಿ ಸಲ ಬೆರಳು ಎತ್ತಿದಾಗ ಪರದೆ ನೋಡುತ್ತಾ ಹೋಗಿ. 10 ಒತ್ತಿದಿರಿ, 10 ಕಾಣಿಸಿತು. × ಒತ್ತಿದಿರಿ, ಏನೂ ಬದಲಾಗಲಿಲ್ಲ. ಒಳಗೆ ಮಾತ್ರ ಮಿಷನ್ ಆ 10 ಅನ್ನು ಎತ್ತಿಟ್ಟುಕೊಂಡು, ಮುಂದೆ ಬರುವ ಸಂಖ್ಯೆಯಿಂದ ಗುಣಿಸಬೇಕು ಅಂತ ಗುರುತು ಹಾಕಿಕೊಂಡಿದೆ. 390 ಒತ್ತಿದಿರಿ. ಈಗ + ಒತ್ತಿ, ಕಣ್ಣು ಪರದೆ ಮೇಲೆ ಇರಲಿ. ನೀವು = ಮುಟ್ಟಿಯೇ ಇಲ್ಲ, ಆದರೂ 3,900 ಬಂತು. ಬಾಕಿ ಇದ್ದ ಗುಣಾಕಾರ ಮುಗಿಯಿತು. ಈಗ ಬಾಕಿ ಇರುವುದು +. ಮುಂದೆ 3 ಒತ್ತಿ × ಒತ್ತಿದ ತಕ್ಷಣ ಆ ಕೂಡುವುದೂ ಮುಗಿದು 3,903 ಬರುತ್ತದೆ. ಹತ್ತು ಚೀಲ ಸಿಮೆಂಟಿನ ದುಡ್ಡಿಗೆ ಮೂರು ಕೆಜಿ ತಂತಿಯನ್ನು ಕೂಡಿಸಿಬಿಟ್ಟಿತು! ಆಮೇಲೆ 80 ಒತ್ತಿ = ಕೊಟ್ಟರೆ ಬರುವುದು 3,12,240. ಮೂರು ಲಕ್ಷ ಚಿಲ್ಲರೆ.

ಇಲ್ಲಿ ತಿಳಿದುಕೊಳ್ಳಬೇಕಾದದ್ದು ಒಂದೇ. +, −, ×, ÷ ಈ ನಾಲ್ಕು ಬಟನ್‌ಗಳ ಹೊಟ್ಟೆಯಲ್ಲೂ ಒಂದೊಂದು = ಇದೆ. ಯಾವುದನ್ನೇ ಒತ್ತಿದರೂ ಅದು ಮೊದಲು ಹಿಂದಿನ ಬಾಕಿ ಚುಕ್ತಾ ಮಾಡುತ್ತದೆ, ಆಮೇಲೆ ತನ್ನ ಹೆಸರು ಬರೆದುಕೊಳ್ಳುತ್ತದೆ. ಇಷ್ಟು ತಲೆಗೆ ಹೋದರೆ ಮುಂದಿನದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಅದಕ್ಕೇ ನಾನು ಹುಡುಗರಿಗೆ ಉತ್ತರ ನೋಡಬೇಡ, ನಡುವೆ ಬರೋದನ್ನ ನೋಡು ಅಂತ ಹೇಳುತ್ತೇನೆ. ಆ 3,903 ಕಂಡ ಕೂಡಲೇ ಕೈ ನಿಲ್ಲಬೇಕು.

ಮಿಷನ್ ಮಾಡುವವರು ಯಾಕೆ ಹೀಗೆ ಮಾಡಿದರು ಅಂತ ಕೇಳಬಹುದು. ಮೊದಮೊದಲ ವಿದ್ಯುತ್ ಕ್ಯಾಲ್ಕುಲೇಟರ್‌ಗಳನ್ನು ನೆನೆಸಿಕೊಂಡರೆ ಅರ್ಥವಾಗುತ್ತದೆ. ಕ್ಯಾಸಿಯೋದವರು 1957ರಲ್ಲಿ ಮಾರುಕಟ್ಟೆಗೆ ತಂದ 14-ಎ ಅನ್ನುವ ಮಿಷನ್ ಮೇಜಿನ ಮೇಲೆ ಇಡುವಂಥದ್ದಲ್ಲ, ಅದೇ ಒಂದು ಮೇಜು. ತೂಕ 140 ಕೆಜಿ, ಒಳಗೆ 342 ರಿಲೇಗಳು, ಅಂದರೆ ವಿದ್ಯುತ್ತಿನಿಂದ ತಾನಾಗಿ ಆನ್-ಆಫ್ ಆಗುವ ಸ್ವಿಚ್‌ಗಳು. ಒಂದೊಂದು ಅಂಕಿ ನೆನಪಿಡುವುದಕ್ಕೂ ರಿಲೇ ಬೇಕು, ರಿಲೇಗೆ ದುಡ್ಡು ಬೇಕು. ಬಾಡ್‌ಮಾಸ್ ಪಾಲಿಸಬೇಕು ಅಂದರೆ ಮೊದಲು ಬಂದ + ಅನ್ನೂ ಅದರ ಸಂಖ್ಯೆಯನ್ನೂ ಪಕ್ಕಕ್ಕಿಟ್ಟು, ಮುಂದೆ × ಬರುತ್ತದೋ ಅಂತ ಕಾಯಬೇಕು. ಅಂದರೆ ಇನ್ನಷ್ಟು ಜಾಗ. ಬಂದಬಂದ ಹಾಗೆ ಲೆಕ್ಕ ಮುಗಿಸುತ್ತಾ ಹೋದರೆ ಪರದೆಯದ್ದು ಒಂದು ಸಂಖ್ಯೆ, ಒಳಗೆ ಒಂದು ಸಂಖ್ಯೆ, ಒಂದು ಬಾಕಿ ಗುರುತು, ಇಷ್ಟರಲ್ಲೇ ಕೆಲಸ ಆಗುತ್ತದೆ. ಈಗ ಚಿಪ್ ಅಗ್ಗ, ಜಾಗಕ್ಕೆ ಬರ ಇಲ್ಲ. ಆದರೂ ಅಂಗಡಿ ಮಿಷನ್ ಹಳೇ ದಾರಿಯಲ್ಲೇ ಇದೆ. ಅದೂ ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಸಾಲಾಗಿ ಹೋಗುವುದೇ ಸರಿಯಾಗುವ ಕಡೆ

ನಮ್ಮಲ್ಲಿ ಒಬ್ಬರು ಮೇಸ್ತ್ರಿ ಮೂರು ಕಟ್ಟು ಕಂಬಿ ತೂಗಿಸಿದರು. 46 ಕೆಜಿ, 52 ಕೆಜಿ, 49 ಕೆಜಿ. ಕಟ್ಟಿಗೆ ಸರಾಸರಿ ಎಷ್ಟು ಅಂತ ನಾನೂ ಒತ್ತಿದೆ, ಅವರೂ ಮೊಬೈಲ್‌ನಲ್ಲಿ ಒತ್ತಿದರು.

"ಅಕ್ಕಾರ, ನಿಮ್ಮ ಮಿಷನ್ ಕೆಟ್ಟೈತೆ ನೋಡ್ರಿ. ನನ್ನ ಫೋನಿನಾಗ 114 ಬಂತು."

"ಮೇಸ್ತ್ರಿ, ಇರೋ ಕಟ್ಟಿನಾಗ ದೊಡ್ಡದೇ 52 ಕೆಜಿ. ಸರಾಸರಿ 114 ಹೆಂಗ್ ಬರ್ತೈತಿ?"

ಇಬ್ಬರೂ ಒತ್ತಿದ್ದು ಒಂದೇ, 46 + 52 + 49 ÷ 3 =. ಫೋನ್ ಶಾಲೆಯ ನಿಯಮ ಹಿಡಿದು ಬರೀ 49 ಅನ್ನು ಮೂರರಿಂದ ಭಾಗಿಸಿ 114.33 ತೋರಿಸಿತು. ನನ್ನ ಮಿಷನ್ ÷ ಒತ್ತಿದ ಕೂಡಲೇ ಮೂರನ್ನೂ ಕೂಡಿಸಿ 147 ಮಾಡಿಟ್ಟುಕೊಂಡಿತು, ಆಮೇಲೆ ಭಾಗಿಸಿ 49 ಕೊಟ್ಟಿತು. ಫೋನಿನಲ್ಲಿ ಇದು ಸರಿ ಬರಬೇಕಾದರೆ ಬ್ರ್ಯಾಕೆಟ್ ಹಾಕಬೇಕು. ಅಂಗಡಿಯಲ್ಲಿ ನಡೆಯುವ ಲೆಕ್ಕ ಹೆಚ್ಚಾಗಿ ಹೀಗೇ ಇರುತ್ತದೆ. ಮೊದಲು ಎಲ್ಲ ಕೂಡು, ಆಮೇಲೆ ಭಾಗಿಸು. ಮೊದಲು ಕೂಡು, ಆಮೇಲೆ ಟ್ಯಾಕ್ಸ್ ಹಾಕು. ಅಲ್ಲೆಲ್ಲ ಈ ಮಿಷನ್ನೇ ಸಲೀಸು.

ಕಂಬಿ ತೂಕದ ಲೆಕ್ಕವೂ ಹಾಗೆಯೇ. ಕಂಬಿಯ ದಪ್ಪ ಮಿಲಿಮೀಟರ್‌ನಲ್ಲಿ ಎಷ್ಟಿದೆಯೋ ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್‌ಗೆ ಎಷ್ಟು ಕೆಜಿ ಅಂತ ಸಿಗುತ್ತದೆ. ಕಂಬಿಯ ಉದ್ದ 12 ಮೀಟರ್. 12 ಎಂಎಂ ಕಂಬಿ 25 ಬೇಕು ಅಂದರೆ:

12 × 12 ÷ 162 × 12 × 25 =

ನಡುವೆ 0.888 ಬರುತ್ತದೆ, ಅದು ಮೀಟರಿನ ತೂಕ. ಮುಂದೆ 10.67 ಹತ್ತಿರ ಬರುತ್ತದೆ, ಅದು ಒಂದು ಕಂಬಿಯದ್ದು. ಕೊನೆಗೆ 266.67 ಕೆಜಿ. ಬರೀ × ಮತ್ತು ÷ ಇದ್ದರೆ ಫೋನು, ಅಂಗಡಿ ಮಿಷನ್ ಎರಡೂ ಒಂದೇ ಉತ್ತರ ಕೊಡುತ್ತವೆ. ಜಗಳ ಬರುವುದು + ಅಥವಾ − ಆದಮೇಲೆ × ಅಥವಾ ÷ ಬಂದಾಗ ಮಾತ್ರ.

ಎಂ+ ಇಲ್ಲದೆ ಬಿಲ್ ಇಲ್ಲ

ಹಾಗಾದರೆ ಸಿಮೆಂಟು, ತಂತಿ ಬಿಲ್ ಹೊಡೆಯುವುದು ಹೇಗೆ? ಪ್ರತಿ ಸಾಲಿನ ಕೊನೆಗೆ = ಬದಲು ಎಂ+ ಒತ್ತಿ.

10 × 390 ಎಂ+
3 × 80 ಎಂ+
ಎಂಆರ್

ಎಂ+ ಕೂಡ ಒಂದು = ಅನ್ನು ಹೊಟ್ಟೆಯಲ್ಲಿಟ್ಟುಕೊಂಡ ಬಟನ್. ಮೊದಲು ಬಾಕಿ ಲೆಕ್ಕ ಮುಗಿಸುತ್ತದೆ, ಬಂದ ಉತ್ತರವನ್ನು ಮೆಮೊರಿಗೆ ಕೂಡಿಸುತ್ತದೆ. ಎಂಆರ್ ಒತ್ತಿದರೆ ಒಟ್ಟು 4,140. ಗಿರಾಕಿ ಹಳೇ ಮಾಲು ವಾಪಸ್ ತಂದಿದ್ದರೆ, ಉದಾಹರಣೆಗೆ 2 ಪೈಪು 85 ರೂಪಾಯಿಯಂತೆ, ಆ ಸಾಲಿಗೆ ಮಾತ್ರ ಎಂ− ಒತ್ತಿ. 170 ಕಳೆದುಹೋಗುತ್ತದೆ.

ಇಲ್ಲಿ ಎರಡು ವಿಷಯ ಗಮನ ಇರಲಿ. ಎಂ+ ಒತ್ತಿದಮೇಲೆ ಉತ್ತರ ಪರದೆಯಲ್ಲೇ ನಿಂತಿರುತ್ತದೆ. ಒತ್ತಿದೆನೋ ಇಲ್ಲವೋ ಅಂತ ಅನುಮಾನ ಬಂದು ಇನ್ನೊಂದು ಸಲ ಒತ್ತಿದರೆ ಅದೇ 240 ಮತ್ತೆ ಸೇರುತ್ತದೆ. ಅನುಮಾನ ಬಂದರೆ ಎಂಆರ್ ಒತ್ತಿ ನೋಡಿ, ಅದರಿಂದ ಏನೂ ಕೆಡುವುದಿಲ್ಲ. ಎರಡನೆಯದು, ಎಸಿ ಒತ್ತಿದರೆ ಮೆಮೊರಿ ಖಾಲಿಯಾಗುತ್ತದೆ ಅಂತ ನಂಬಬೇಡಿ. ಹೆಚ್ಚಿನ ಮಿಷನ್‌ಗಳಲ್ಲಿ ಆಗುವುದಿಲ್ಲ. ಪರದೆಯ ಮೂಲೆಯಲ್ಲಿ ಚಿಕ್ಕದೊಂದು ‘ಎಂ’ ಗುರುತು ಉಳಿದಿದ್ದರೆ ಹಿಂದಿನ ಗಿರಾಕಿಯ ದುಡ್ಡು ಇನ್ನೂ ಒಳಗಿದೆ ಅಂತ ಅರ್ಥ. ಎಂಸಿ ಒತ್ತಿ. ಎಂಆರ್‌ಸಿ ಅಂತ ಒಂದೇ ಬಟನ್ ಇದ್ದರೆ ಎರಡು ಸಲ ಒತ್ತಿ. ಹೊಸ ಬಿಲ್ ಶುರು ಮಾಡುವ ಮುಂಚೆ ಇದು ಕೈಗೆ ರೂಢಿಯಾಗಿಬಿಡಬೇಕು.

ಜಿಟಿ ಬಟನ್ ಇದ್ದವರು ಇನ್ನೂ ಸುಲಭವಾಗಿ ಮಾಡುತ್ತಾರೆ. ಪ್ರತಿ ಸಾಲಿಗೆ = ಒತ್ತುತ್ತಾ ಹೋಗಿ ಕೊನೆಗೆ ಜಿಟಿ ಒತ್ತಿದರೆ ಎಲ್ಲ = ಉತ್ತರಗಳ ಮೊತ್ತ ಬರುತ್ತದೆ. ನನಗೆ ಅದು ಅಷ್ಟು ಇಷ್ಟ ಇಲ್ಲ. ನಡುವೆ ಯಾರೋ ಬಂದು ಬೇರೆ ಏನೋ ಕೇಳುತ್ತಾರೆ, ನಾವು ಸುಮ್ನೆ ಒಂದು ಲೆಕ್ಕ ಹಾಕಿ = ಒತ್ತುತ್ತೇವೆ. ಅದೂ ಹೋಗಿ ಜಿಟಿಗೆ ಸೇರುತ್ತದೆ. ಎಂ+ ನಾವು ಬೇಕೆಂದು ಒತ್ತಿದರೆ ಮಾತ್ರ ಸೇರಿಸುತ್ತದೆ.

ಮೂರು ಲಕ್ಷ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ? ಹೆದರಬೇಕಾದದ್ದು ಸದ್ದಿಲ್ಲದ ತಪ್ಪಿಗೆ. ಒಂದು ನಲ್ಲಿ 850 ರೂಪಾಯಿ, ಟ್ಯಾಕ್ಸ್ ಸೇರಿದ ಬೆಲೆ. ಅದರ ಜೊತೆ 120ರ ಇನ್ನೊಂದು ಸಾಮಾನು, ಅದಕ್ಕೆ ಶೇಕಡಾ 18 ಜಿಎಸ್‌ಟಿ ಇನ್ನೂ ಹಾಕಬೇಕು. 850 + 120 × 1.18 = ಅಂತ ಒತ್ತಿದರೆ 1,144.60 ಬರುತ್ತದೆ. ನೋಡುವುದಕ್ಕೆ ಏನೂ ತಪ್ಪಿಲ್ಲದ ಮೊತ್ತ. ನಿಜವಾಗಿ ಆಗಬೇಕಾದದ್ದು 991.60. ನಲ್ಲಿಗೆ ಎರಡನೇ ಸಲ ಟ್ಯಾಕ್ಸ್ ಬಿತ್ತು. ಇಲ್ಲಿ ಮೆಮೊರಿಯೂ ಬೇಡ, ಸಾಲು ಬದಲಿಸಿದರೆ ಸಾಕು:

120 × 1.18 + 850 =

ಗುಣಿಸುವುದನ್ನು ಮೊದಲು, ಕೂಡುವುದನ್ನು ಆಮೇಲೆ. ಒಂದೇ ಗುಣಾಕಾರ ಇರುವ ಕಡೆ ಇದೇ ಉಪಾಯ. ಕಳೆಯುವಾಗ ಮಾತ್ರ ತಿರುಗಿಸಿದರೆ ಚಿಹ್ನೆ ಉಲ್ಟಾ ಆಗುತ್ತದೆ. ಅಡ್ವಾನ್ಸ್ 5,000 ಕೊಟ್ಟಿದ್ದಾರೆ, 85ರಂತೆ 12 ಸಾಮಾನು ಒಯ್ದಿದ್ದಾರೆ, ಉಳಿದದ್ದೆಷ್ಟು? 12 × 85 − 5000 = ಒತ್ತಿದರೆ −3,980 ಬರುತ್ತದೆ. ಮೈನಸ್ ಬಿಟ್ಟು ಓದಿದರೆ ಅದೇ ಉತ್ತರ. ಹಾಗೆ ಓದುವುದಕ್ಕೆ ಇರುಸುಮುರುಸು ಅನ್ನುವವರು 5000 ಎಂ+, 12 × 85 ಎಂ−, ಎಂಆರ್ ಅಂತ ಮಾಡಿ.

ಭಾಗಾಕಾರದ ಕೆಳಗೆ ಎರಡು ಸಂಖ್ಯೆ ಇದ್ದಾಗ

ಟೈಲ್ಸ್ ಲೆಕ್ಕದಲ್ಲಿ ಇದು ಪದೇಪದೇ ಬರುತ್ತದೆ. ಕೋಣೆ 12 ಅಡಿ, 15 ಅಡಿ. ಟೈಲ್ 2 ಅಡಿ, 2 ಅಡಿ. ಎಷ್ಟು ಟೈಲ್ ಬೇಕು? ಕಾಗದದ ಮೇಲೆ ಮೇಲೊಂದು 12 × 15, ಕೆಳಗೊಂದು 2 × 2 ಬರೆದು, ಅದನ್ನು ಕಂಡ ಹಾಗೆ 12 × 15 ÷ 2 × 2 = ಅಂತ ಒತ್ತುತ್ತಾರೆ. 180 ಬರುತ್ತದೆ. ಮಿಷನ್ 2ರಿಂದ ಭಾಗಿಸಿ ಮತ್ತೆ 2ರಿಂದ ಗುಣಿಸಿತು, ಕೋಣೆಯ ಚದರಡಿಯೇ ವಾಪಸ್ ಬಂತು. ಈ ತಪ್ಪನ್ನು ಫೋನ್ ಕೂಡ ಹಾಗೇ ಮಾಡುತ್ತದೆ. ಗೆರೆಯ ಕೆಳಗೆ ಇರುವ ಪ್ರತಿ ಸಂಖ್ಯೆಗೂ ಒಂದೊಂದು ÷ ಹಾಕಿ: 12 × 15 ÷ 2 ÷ 2 = ಅಂದರೆ 45. ಕಟಿಂಗ್, ಒಡೆಯುವುದು ಅಂತ ಮೇಲೆ ಒಂದಿಷ್ಟು ಜಾಸ್ತಿ ತಗೊಳ್ಳಿ, ಅದು ಬೇರೆ ಮಾತು.

ಕೆಳಗೆ ಕೂಡುವುದು ಇದ್ದರೆ ಸ್ವಲ್ಪ ಕೈಚಳಕ ಬೇಕು. ಲಾರಿ ಬಾಡಿಗೆ 2,400. ಅದರಲ್ಲಿ 350 ಕೆಜಿ ಒಬ್ಬರದ್ದು, 450 ಕೆಜಿ ಇನ್ನೊಬ್ಬರದ್ದು. ಕೆಜಿಗೆ ಎಷ್ಟು ಬಿತ್ತು? 2400 ÷ 350 + 450 = ಅಂದರೆ 456 ಚಿಲ್ಲರೆ ಬರುತ್ತದೆ, ಯಾತಕ್ಕೂ ಬಾರದ ಸಂಖ್ಯೆ. ಮೆಮೊರಿ ಖಾಲಿ ಇರುವಾಗ ಮೊದಲು ಕೆಳಗಿನದ್ದನ್ನು ಹಾಕಿಡಿ:

350 + 450 ಎಂ+
2400 ÷ ಎಂಆರ್ =

3 ರೂಪಾಯಿ. ಎಂಆರ್ ಅನ್ನು ಒಂದು ಸಂಖ್ಯೆಯ ಹಾಗೆ ಎಲ್ಲಿ ಬೇಕಾದರೂ ಬಳಸಬಹುದು, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಶೇಕಡಾ ಬಟನ್ ಅನ್ನು ನಂಬುವ ಮುಂಚೆ

100 + 18 % ಒತ್ತಿ ನೋಡಿ. ಕೆಲವದರಲ್ಲಿ 118 ಬರುತ್ತದೆ. ಕ್ಯಾಸಿಯೋದ ಹಲವು ಡೆಸ್ಕ್‌ಟಾಪ್ ಮಾದರಿಗಳಲ್ಲಿ 121.95 ಬರುತ್ತದೆ. ಮಿಷನ್ ಹಾಳಾಯಿತು ಅಂತ ವಾಪಸ್ ತೆಗೆದುಕೊಂಡು ಹೋದವರನ್ನು ನಾನೇ ನೋಡಿದ್ದೇನೆ. ಅದು ಬೇರೆಯದೇ ಪ್ರಶ್ನೆಗೆ ಉತ್ತರ ಕೊಡುತ್ತಿದೆ. ನೂರು ರೂಪಾಯಿಗೆ ತಂದ ಮಾಲನ್ನು ಎಷ್ಟಕ್ಕೆ ಮಾರಿದರೆ, ಮಾರಿದ ಬೆಲೆಯಲ್ಲಿ ಶೇಕಡಾ 18 ಲಾಭ ಉಳಿಯುತ್ತದೆ? 100 ಅನ್ನು 0.82ರಿಂದ ಭಾಗಿಸಿದರೆ ಬರುವುದೇ ಆ 121.95. ವ್ಯಾಪಾರದಲ್ಲಿ ಮಾರ್ಜಿನ್ ಲೆಕ್ಕಕ್ಕೆ ಅದು ಬೇಕು. ಜಿಎಸ್‌ಟಿಗೆ ಬೇಡ. ಅಂಥ ಮಿಷನ್‌ನಲ್ಲಿ 100 × 18 % ಒತ್ತಿ, 18 ಬಂದಮೇಲೆ + ಒತ್ತಿದರೆ 118 ಬರುತ್ತದೆ.

ನನ್ನ ಕೇಳಿದರೆ % ಬಟನ್ ಮರೆತೇಬಿಡಿ. 1.18ರಿಂದ ಗುಣಿಸಿ, ಯಾವ ಕಂಪನಿ ಮಿಷನ್ ಆದರೂ ಒಂದೇ ಉತ್ತರ. ಡಿಸ್ಕೌಂಟ್‌ಗೂ ಹಾಗೇ. ಫಿಟ್ಟಿಂಗ್‌ಗಳಿಗೆ 40ರ ಮೇಲೆ ಇನ್ನೊಂದು 10 ಕೊಡುತ್ತಾರೆ. ಪಟ್ಟಿ ಬೆಲೆ 1,250 ಇದ್ದರೆ:

1250 × 0.6 × 0.9 × 1.18 =

ಡಿಸ್ಕೌಂಟ್ ಕಳೆದು 675, ಟ್ಯಾಕ್ಸ್ ಸೇರಿ 796.50. ನಲವತ್ತು, ಹತ್ತು ಸೇರಿ ಐವತ್ತು ಅಂದುಕೊಂಡು ಅರ್ಧ ಬೆಲೆಗೆ ಕೇಳುವ ಗಿರಾಕಿಗಳು ಇದ್ದೇ ಇರುತ್ತಾರೆ. ಅವರ ಮುಂದೆ ಇದನ್ನೇ ನಿಧಾನವಾಗಿ ಒತ್ತಿ ತೋರಿಸಿ. ಟ್ಯಾಕ್ಸ್ ಸೇರಿದ ಬೆಲೆಯಿಂದ ಟ್ಯಾಕ್ಸ್ ತೆಗೆಯುವಾಗ 18 ಪರ್ಸೆಂಟ್ ಕಳೆಯಬಾರದು, 1.18ರಿಂದ ಭಾಗಿಸಬೇಕು. 796.50 ÷ 1.18 ಮಾಡಿದರೆ ಸರಿಯಾಗಿ 675. ಕಳೆದರೆ 653.13 ಆಗುತ್ತದೆ, ಇಪ್ಪತ್ತೊಂದು ರೂಪಾಯಿ ಚಿಲ್ಲರೆ ಮಾಯ.

ಜಿಎಸ್‌ಟಿ ಬಟನ್‌ಗಳೇ ಇರುವ ಮಾದರಿಗಳೂ ಬಂದಿವೆ. ಒಳ್ಳೆಯವೇ. ಆದರೆ ಒಂದೊಂದು ಬಟನ್‌ಗೂ ಮೊದಲೇ ಒಂದು ದರ ಕೂರಿಸಿರುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಬಟನ್ ಒಳಗಿನ 28 ತಾನಾಗಿ ಇಳಿಯುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಚೀಟಿ ನೋಡಿ ದರ ಬದಲಿಸಿಕೊಳ್ಳಿ.

ಎರಡು ಸಲ ಒತ್ತಿದರೆ

× ಒತ್ತಲು ಹೋಗಿ + ಒತ್ತಿಬಿಟ್ಟರೆ ಗಾಬರಿ ಬೇಡ. ಅದರ ಮೇಲೆ × ಒತ್ತಿ, ಕೊನೆಗೆ ಒತ್ತಿದ್ದೇ ನಿಲ್ಲುತ್ತದೆ. 25 + × 4 = ಅಂದರೆ 100. ಆದರೆ ಕ್ಯಾಸಿಯೋದಲ್ಲಿ ಒಂದೇ ಬಟನ್ ಎರಡು ಸಲ ಬಿದ್ದರೆ ಕಥೆ ಬೇರೆ. ಪರದೆಯಲ್ಲಿ ಸಣ್ಣ ‘ಕೆ’ ಗುರುತು ಬರುತ್ತದೆ. ಮೊದಲ ಸಂಖ್ಯೆಯನ್ನು ಅದು ಕಾಯಂ ಹಿಡಿದುಕೊಂಡಿತು ಅಂತ ಅರ್ಥ. 390 × × 10 = ಒತ್ತಿದರೆ 3,900. ಮುಂದೆ ಬರೀ 7 = ಒತ್ತಿ, 2,730 ಬರುತ್ತದೆ. 15 = ಒತ್ತಿ, 5,850. ಒಂದೇ ದರದ ಮಾಲು ಬೇರೆಬೇರೆ ಗಿರಾಕಿಗೆ ಹೋಗುವಾಗ ಇದು ತುಂಬಾ ಅನುಕೂಲ. ಕಳೆಯುವಾಗ ಮಾತ್ರ ಎಚ್ಚರ. 500 − − 120 = ಒತ್ತಿದರೆ −380 ಬರುತ್ತದೆ. ಕಾಯಂ ಆದ 500 ಅನ್ನು 120ರಿಂದ ಕಳೆಯಿತು. ಬೆರಳು ನಡುಗುವವರು ಆ ‘ಕೆ’ ಕಡೆ ಒಂದು ಕಣ್ಣಿಡಿ.

ಸಿಟಿಜನ್‌ನಂಥ ಮಿಷನ್‌ಗಳಲ್ಲಿ ಕೆ ಇಲ್ಲ, ಎಲ್ಲ ಲೆಕ್ಕವೂ ತಾನಾಗಿಯೇ ಕಾಯಂ ಆಗುತ್ತದೆ. 390 × 10 = ಆದಮೇಲೆ 7 = ಒತ್ತಿದರೆ ಅಲ್ಲೂ 2,730. ಗುಣಿಸುವಾಗ ಮೊದಲ ಸಂಖ್ಯೆ ಉಳಿಯುತ್ತದೆ, ಉಳಿದ ಮೂರರಲ್ಲಿ ಎರಡನೆಯದು. ಇಂಥದ್ದರಲ್ಲಿ = ಎರಡು ಸಲ ಬಿದ್ದರೆ ತೊಂದರೆ. 500 + 50 = = ಅಂದರೆ 600.

ಕಾಮರ್ಸ್ ಓದುವ ಮಕ್ಕಳಿಗೆ ಇದೇ ದೊಡ್ಡ ಅಸ್ತ್ರ. ಸಿಎ ಪರೀಕ್ಷೆಗೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಬ್ರ್ಯಾಕೆಟ್ ಇಲ್ಲ, ಘಾತದ ಬಟನ್ ಇಲ್ಲ. ಶೇಕಡಾ 10ರ ಚಕ್ರಬಡ್ಡಿ ಮೂರು ವರ್ಷಕ್ಕೆ ಬೇಕು ಅಂದರೆ ಸಿಟಿಜನ್ ತರಹದ್ದರಲ್ಲಿ 1.1 × = = ಒತ್ತಿ, 1.331 ಬರುತ್ತದೆ. ಕ್ಯಾಸಿಯೋದಲ್ಲಿ 1.1 × × = =. ಎಷ್ಟು ವರ್ಷವೋ ಅದಕ್ಕಿಂತ ಒಂದು ಕಡಿಮೆ =. ಇನ್ನು ವರ್ಷ ವರ್ಷ ಬರುವ ಒಂದೊಂದು ರೂಪಾಯಿಯ ಇವತ್ತಿನ ಬೆಲೆ ಬೇಕಾದರೆ ಜಿಟಿ ಖಾಲಿ ಮಾಡಿಕೊಂಡು 1 ÷ 1.1 = = = ಒತ್ತಿ (ಕ್ಯಾಸಿಯೋದಲ್ಲಿ 1.1 ÷ ÷ 1 = = =). ಇಲ್ಲಿ ಮೂರು ವರ್ಷಕ್ಕೆ ಮೂರು =. ಆಮೇಲೆ ಜಿಟಿ. 2.4868 ಬರುತ್ತದೆ. ಟೇಬಲ್ ನೋಡುವ ಕೆಲಸವೇ ಇಲ್ಲ. ಜಿಟಿ ನನಗೆ ಇಷ್ಟ ಇಲ್ಲ ಅಂದೆನಲ್ಲ, ಇದೊಂದಕ್ಕೆ ಮಾತ್ರ ಅದನ್ನು ಮೆಚ್ಚುತ್ತೇನೆ.

ಮೇಲಿನ ಜಾರುವ ಸ್ವಿಚ್‌ಗಳು

ಬಟನ್‌ಗಳ ಮೇಲ್ಗಡೆ ಎರಡು ಪುಟ್ಟ ಸ್ವಿಚ್ ಇರುತ್ತವೆ. ಧೂಳು ಒರೆಸುವಾಗ ಜರುಗಿಬಿಡುತ್ತವೆ, ಯಾರೂ ನೋಡುವುದಿಲ್ಲ. ದಶಾಂಶದ ಸ್ವಿಚ್ ‘ಎ’ ಕಡೆ ಹೋಗಿದ್ದರೆ 125 + ಒತ್ತಿದಾಗ 1.25 ಆಗುತ್ತದೆ. ಪೈಸೆ ಸಮೇತ ಉದ್ದುದ್ದ ಪಟ್ಟಿ ಕೂಡುವವರು ಪ್ರತಿ ಸಲ ಚುಕ್ಕಿ ಒತ್ತುವುದು ತಪ್ಪಲಿ ಅಂತ ಅದನ್ನು ಇಟ್ಟಿರುವುದು. ನಮಗೆ ಅದು ಬೇಡ. ಇನ್ನೊಂದು ಸ್ವಿಚ್‌ನಲ್ಲಿ ಎಫ್, ಕಟ್, 5/4 ಅಂತ ಇರುತ್ತದೆ. ಎಫ್ ಅಂದರೆ ಎಷ್ಟು ದಶಾಂಶ ಬಂದರೂ ತೋರಿಸು. ಕಟ್ ಅಂದರೆ ಕತ್ತರಿಸಿಬಿಡು. 5/4 ಅಂದರೆ ಐದು ಅಥವಾ ಜಾಸ್ತಿ ಇದ್ದರೆ ಮೇಲಕ್ಕೆ, ನಾಲ್ಕು ಅಥವಾ ಕಡಿಮೆ ಇದ್ದರೆ ಕೆಳಕ್ಕೆ.

ಬಿಲ್‌ಗೆ 5/4 ಮತ್ತು 2 ದಶಾಂಶ ಚೆನ್ನ ಅನ್ನಿಸುತ್ತದೆ, ಆದರೆ ನಾನು ಕಂಬಿ ತೂಕ ಹಾಕುವಾಗ ಎಫ್‌ನಲ್ಲೇ ಇಡುತ್ತೇನೆ. ಕಾರಣ ಬೇಕಿದ್ದರೆ 2 ದಶಾಂಶ, 5/4ರಲ್ಲಿ ಇಟ್ಟು 2 ÷ 3 = × 3 = ಒತ್ತಿ. 2.01 ಬಂದರೆ ನಿಮ್ಮ ಮಿಷನ್ ಪರದೆಯಲ್ಲಷ್ಟೇ ಅಲ್ಲ, ಒಳಗೂ 0.67 ಮಾಡಿಕೊಂಡಿದೆ. ಮೀಟರಿನ ತೂಕದಲ್ಲಿ ಹೀಗೆ ಆದ ಕೂದಲೆಳೆ ವ್ಯತ್ಯಾಸ ನೂರಾರು ಕಂಬಿಗೆ ಕೆಜಿಗಟ್ಟಲೆ ಆಗುತ್ತದೆ. ಎಫ್‌ನಲ್ಲಿ 1 ÷ 3 × 3 = ಒತ್ತಿದರೆ 0.99999999999 ಬರುವುದುಂಟು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕಾಗದದ ರೋಲ್ ಇರುವ ಪ್ರಿಂಟಿಂಗ್ ಕ್ಯಾಲ್ಕುಲೇಟರ್ ಕೈಗೆ ಸಿಕ್ಕರೆ ಒಂದು ಮಾತು. ಅದರಲ್ಲಿ + ಮತ್ತು = ಸೇರಿ ಒಂದೇ ಬಟನ್, − ಮತ್ತು = ಸೇರಿ ಇನ್ನೊಂದು ಇರುವುದುಂಟು. ಅಲ್ಲಿ ಸಂಖ್ಯೆ ಮೊದಲು, ಅದರ ಚಿಹ್ನೆ ಆಮೇಲೆ. 500 ಒತ್ತಿ ಪ್ಲಸ್, 120 ಒತ್ತಿ ಮೈನಸ್, ಉತ್ತರ 380. ನಮ್ಮ ರೂಢಿಯಂತೆ 500 ಆದಮೇಲೆ ಮೈನಸ್, 120 ಆದಮೇಲೆ ಪ್ಲಸ್ ಒತ್ತಿದರೆ −380 ಅಚ್ಚಾಗುತ್ತದೆ.

ಹೊಸದು ಕೊಳ್ಳಲು ಹೋದಾಗ ಅಂಗಡಿಯವರ ಎದುರಿಗೇ ನಾಲ್ಕು ಲೆಕ್ಕ ಒತ್ತಿ ನೋಡಿ. 2 + 3 × 4 =, 100 + 18 %, 5 × = =, ಆಮೇಲೆ 500 − − 120 =. ಮೂರನೆಯದರಲ್ಲಿ 125 ಬಂದರೆ ಸಿಟಿಜನ್ ತರಹದ್ದು, ನಾಲ್ಕನೆಯದರಲ್ಲಿ −380 ಬಂದರೆ ಕ್ಯಾಸಿಯೋ ತರಹದ್ದು. ಯಾವುದಾದರೂ ಆಗಲಿ, ಅಂಗಡಿಯಲ್ಲಿ ಎರಡು ಮಿಷನ್ ಇದ್ದರೆ ಎರಡೂ ಒಂದೇ ತರಹದ್ದು ತಗೊಳ್ಳಿ. ನಮ್ಮ ಸಾಹುಕಾರರು ಗಲ್ಲಾಕ್ಕೆ ಒಂದು ಕಂಪನಿಯದ್ದು, ಗೋಡೌನ್‌ಗೆ ಇನ್ನೊಂದು ಕಂಪನಿಯದ್ದು ತಂದಿಟ್ಟಿದ್ದಾರೆ. ಗೋಡೌನ್ ಹುಡುಗನಿಗೆ ಕಾಯಂ ಸಂಖ್ಯೆಯ ಪಾಠವನ್ನು ನಾನು ಬೇರೆಯಾಗಿ ಮಾಡಬೇಕಾಗುತ್ತದೆ.